ನೇರ ಮಾಡಿಸಿದ ಕೂದಲು ನೀಳವಾಗಬೇಕೆ?

ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ತಾಯಿ ಮಗಳು ಇಬ್ಬರು ಬಂದರು. ಮಗಳಿಗೆ ಇಪ್ಪತ್ತಮೂರು ವರ್ಷ, ಬ್ಯಾಂಕಿನಲ್ಲಿ ಕೆಲಸ. ಕುಳಿತವಳೇ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಒಳಗೆ ಕೂದಲು. ಬೆರಳುದ್ದದ, ಗೇಣುದ್ದದ ತುಂಡುಗಳು.

“ಒಂದು ವಾರದ್ದು ಮೇಡಂ. ದಿನಾ ಬಾಚಿದಾಗ ಬಂದದ್ದನ್ನು ಕೂಡಿಟ್ಟೆ” ಎಂದಳು.

ತಾಯಿಗೆ ತಡೆಯಲಾಗಲಿಲ್ಲ. “ನೋಡಿ ಡಾಕ್ಟ್ರೇ, ಸೊಂಟದವರೆಗೆ ಇತ್ತು ಇವಳ ಜಡೆ. ಅಣ್ಣನ ಮದುವೆಗೆ ಅಂತ ಪಾರ್ಲರಿಗೆ ಹೋಗಿ ನೇರ ಮಾಡಿಸಿಕೊಂಡು ಬಂದಳು. ಈಗ ಇವಳದೇ ಮದುವೆ ಗೊತ್ತಾಗಿದೆ, ವೈಶಾಖದಲ್ಲಿ. ಮೊಗ್ಗಿನ ಜಡೆ ಹಾಕಬೇಕು. ಏನಾದರೂ ಮಾತ್ರೆ ಕೊಟ್ಟು ಅಷ್ಟರೊಳಗೆ ಬೆಳೆಸಿಕೊಡಿ.”

“ಅಮ್ಮ, ನೀನು ಸ್ವಲ್ಪ ಸುಮ್ನಿರು” ಎಂದು ಮಗಳು ತಲೆ ತಗ್ಗಿಸಿದಳು.

ವೈಶಾಖಕ್ಕೆ ಇನ್ನು ಐದು ತಿಂಗಳಿತ್ತು. ನಾನು ಮಾತ್ರೆ ಬರೆಯಲಿಲ್ಲ. ಬದಲಿಗೆ ಪೊಟ್ಟಣದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ಆ ಹುಡುಗಿಗೇ ತೋರಿಸಿದೆ. ಬುಡದಿಂದ ಉದುರಿದ ಕೂದಲಿಗೆ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿ ಗುಂಡು ಇರುತ್ತದೆ. ಅವಳು ತಂದವುಗಳಲ್ಲಿ ಹೆಚ್ಚಿನವಕ್ಕೆ ಆ ಗುಂಡು ಇರಲಿಲ್ಲ. ಎರಡೂ ಕಡೆ ತುಂಡಾಗಿದ್ದವು. ಅಂದರೆ ಅವಳ ಕೂದಲು ಉದುರುತ್ತಿರಲಿಲ್ಲ, ಮುರಿಯುತ್ತಿತ್ತು. ಬುಡ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಮುರಿಯುವ ಕೂದಲಿಗೆ ಬೆಳೆಸುವ ಮಾತ್ರೆ ಕೊಡುವುದು ತೂತು ಕೊಡದ ಕೆಳಗೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಂತೆ.

ಇಂಥ ಹೆಣ್ಣುಮಕ್ಕಳು ಈಗ ತಿಂಗಳಿಗೆ ಹಲವರು ಬರುತ್ತಾರೆ. ಹಾಗಾಗಿ ಈ ವಾರ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ನೇರವಾಗುವುದು ಹೇಗೆ?

ನಮ್ಮ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಈ ಪ್ರೋಟೀನಿನ ಎಳೆಗಳನ್ನು ಗಂಧಕದ ಕೊಂಡಿಗಳು ಏಣಿಯ ಮೆಟ್ಟಿಲುಗಳಂತೆ ಹಿಡಿದಿಟ್ಟಿವೆ. ಕೂದಲಿಗೆ ಬಲ ಬರುವುದೂ ಗುಂಗುರು ನಿಲ್ಲುವುದೂ ಹೆಚ್ಚಾಗಿ ಈ ಕೊಂಡಿಗಳಿಂದ. ಗುಂಗುರನ್ನು ಶಾಶ್ವತವಾಗಿ ಬಿಡಿಸಬೇಕಾದರೆ ಈ ಕೊಂಡಿಗಳನ್ನು ಮುರಿಯಲೇಬೇಕು. ಬೇರೆ ದಾರಿಯಿಲ್ಲ.

ನಮ್ಮ ಪಾರ್ಲರುಗಳಲ್ಲಿ ರೀಬಾಂಡಿಂಗ್ ಎಂದು ಮಾಡುವುದರಲ್ಲಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಹಚ್ಚಿ ಕೊಂಡಿಗಳನ್ನು ಬಿಡಿಸುತ್ತಾರೆ, ಕಾದ ಇಸ್ತ್ರಿ ಎಳೆದು ನೇರ ಮಾಡುತ್ತಾರೆ, ಆಮೇಲೆ ಇನ್ನೊಂದು ದ್ರಾವಣ ಹಾಕಿ ಕೊಂಡಿಗಳನ್ನು ಮತ್ತೆ ಜೋಡಿಸುತ್ತಾರೆ. ಬಿಡಿಸಿದ್ದೆಲ್ಲ ಮತ್ತೆ ಜೋಡಣೆಯಾಗುವುದಿಲ್ಲ. ಹೀಗಾಗಿ ನೇರ ಮಾಡಿಸಿದ ಕೂದಲು ಎಷ್ಟೇ ಹೊಳೆಯಲಿ, ಮೊದಲಿನ ಬಲ ಅದಕ್ಕಿರುವುದಿಲ್ಲ. ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರಿಲ್ಯಾಕ್ಸರ್ ಎಂಬುದು ಇನ್ನೂ ಖಾರವಾದ ವಸ್ತು. ಅದರಲ್ಲಿ ಸೋಪು ತಯಾರಿಸಲು ಬಳಸುವ ಕಾಸ್ಟಿಕ್ ಸೋಡಾ ಅಥವಾ ಅದರ ಬಂಧುವೊಂದು ಇರುತ್ತದೆ. ಅದು ಮುರಿದ ಕೊಂಡಿ ಹಿಂದಿನ ರೂಪಕ್ಕೆ ಎಂದೂ ಬರುವುದಿಲ್ಲ.

ಈ ಎರಡು ವಿಧಾನಗಳಿಗೂ ಪರಸ್ಪರ ಆಗಿಬರುವುದಿಲ್ಲ ಎಂಬುದನ್ನು ನೆನಪಿಡಿ. ಇಲ್ಲಿ ರೀಬಾಂಡಿಂಗ್ ಮಾಡಿಸಿಕೊಂಡು ಹೊರದೇಶಕ್ಕೆ ಓದಲು ಹೋದ ಹುಡುಗಿ ಅಲ್ಲಿ ಅದೇ ಕೂದಲಿಗೆ ರಿಲ್ಯಾಕ್ಸರ್ ಹಾಕಿಸಿಕೊಂಡರೆ ಕೂದಲು ಕೈಗೇ ಕಿತ್ತು ಬರಬಹುದು. ಮೊದಲು ಏನು ಮಾಡಿಸಿದ್ದೀರಿ ಎಂಬುದನ್ನು ಕತ್ತರಿ ಹಿಡಿದವರಿಗೆ ಹೇಳಲು ನಾಚಿಕೆ ಬೇಡ.

ಗುಂಗುರಿಗೆ ಏಕಿಷ್ಟು ಶಿಕ್ಷೆ?

ಈ ರಿಲ್ಯಾಕ್ಸರಿನ ಹಿಂದೆ ಒಂದು ಕಥೆಯಿದೆ. ಗುಲಾಮರಾಗಿದ್ದವರ ಮಗನಾಗಿ 1877ರಲ್ಲಿ ಹುಟ್ಟಿದ ಗ್ಯಾರೆಟ್ ಮಾರ್ಗನ್ ಎಂಬ ಕರಿಯ ಅಮೆರಿಕನ್, ಹೊಲಿಗೆ ಯಂತ್ರದ ಸೂಜಿ ಕಾಯದಿರಲೆಂದು ಒಂದು ದ್ರವ ತಯಾರಿಸುತ್ತಿದ್ದ. ಕೈ ಒರೆಸಿದ ಉಣ್ಣೆ ಬಟ್ಟೆಯ ನೂಲು ನೇರವಾದದ್ದನ್ನು ಕಂಡು, ಅದನ್ನು ನೆರೆಮನೆಯ ನಾಯಿಯ ಮೇಲೆ ಪ್ರಯೋಗಿಸಿ, ಆಮೇಲೆ ತನ್ನ ತಲೆಗೂ ಹಚ್ಚಿಕೊಂಡನೆಂದು ಹೇಳುತ್ತಾರೆ. 1913ರಲ್ಲಿ ಅದನ್ನು ಮಾರಲು ಕಂಪನಿಯನ್ನೇ ತೆರೆದ. ಅದೇ ಕಾಲದ ಮೇಡಂ ಸಿ. ಜೆ. ವಾಕರ್ ತನ್ನ ಕೂದಲು ಉದುರಿದ್ದರಿಂದ ನೊಂದು, ಕರಿಯ ಹೆಂಗಸರಿಗಾಗಿ ಕೂದಲು ಬೆಳೆಸುವ ಮುಲಾಮು ಮಾರಿ ದೊಡ್ಡ ಉದ್ಯಮಿಯಾದಳು. 1919ರಲ್ಲಿ ತೀರಿಕೊಂಡ ಆಕೆಯ ಬದುಕು ಅಲ್ಲಿ ಇಂದಿಗೂ ಪಾಠ.

ಆದರೆ ಆ ಹೆಂಗಸರು ನೋವು ಸಹಿಸಿ ತಲೆಗೆ ಕ್ಷಾರ ಹಚ್ಚಿಕೊಂಡದ್ದು ಬರೀ ಶೋಕಿಗಲ್ಲ. ಗುಂಗುರು ಕೂದಲಿನವಳಿಗೆ ಕಚೇರಿಯಲ್ಲಿ ಕೆಲಸ ಸಿಗುತ್ತಿರಲಿಲ್ಲ, ಶಾಲೆಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. ಹುಟ್ಟಿನಿಂದ ಬಂದ ಕೂದಲಿನ ಕಾರಣಕ್ಕೆ ಯಾರನ್ನೂ ಕೆಲಸದಿಂದ, ಶಾಲೆಯಿಂದ ದೂರವಿಡಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಬೇಕಾಯಿತು. ಅನಂತರ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು.

ಇನ್ನೊಂದು ವಿಚಿತ್ರ ನೋಡಿ. ತಿರುಪತಿಯಲ್ಲಿ ನಮ್ಮವರು ಹರಕೆಗೆ ಕೊಟ್ಟ ಮುಡಿ ಹರಾಜಾಗಿ, ಹೊರದೇಶಗಳಿಗೆ ಹೋಗಿ, ಅಲ್ಲಿಯ ಹೆಂಗಸರ ತಲೆಯಲ್ಲಿ ಹೆಣೆಯಲ್ಪಡುತ್ತದೆ. 2009ರಲ್ಲಿ ಬಂದ ‘ಗುಡ್ ಹೇರ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರದಲ್ಲಿ ಇದನ್ನು ತೋರಿಸಿದ್ದಾರೆ. ಅವರು ದುಡ್ಡು ಕೊಟ್ಟು ಕೊಳ್ಳುವ ಕೂದಲು ನಮ್ಮದು. ನಾವು ದುಡ್ಡು ಕೊಟ್ಟು ಸುಡಿಸಿಕೊಳ್ಳುವ ಕೂದಲೂ ನಮ್ಮದೇ!

ಬುಡದಲ್ಲಿ ಬೆಳೆ, ತುದಿಯಲ್ಲಿ ಉಳಿಕೆ

ಈಗ ಲೆಕ್ಕಕ್ಕೆ ಬರೋಣ. ನಮ್ಮ ಜನರ ಕೂದಲು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 14 ಸೆಂ. ಮೀ. ಐದು ತಿಂಗಳಿಗೆ ಆರು ಸೆಂ. ಮೀ., ಅಂದರೆ ಒಂದು ಬೆರಳುದ್ದ. ಯಾವ ಎಣ್ಣೆ, ಯಾವ ಮಾತ್ರೆಯೂ ಈ ವೇಗವನ್ನು ದುಪ್ಪಟ್ಟು ಮಾಡಲಾರದು. ಹಾಗೆಂದು ಜಾಹೀರಾತು ನೀಡುವವರ ಮಾತು ನಂಬಬೇಡಿ.

ಹೊಸ ಕೂದಲು ನಿಮ್ಮ ಹುಟ್ಟುಗುಣದಂತೆ, ಗುಂಗುರಾಗಿಯೇ ಬರುತ್ತದೆ. ಅದರ ಕೆಳಗೆ ನೇರ ಮಾಡಿಸಿದ ಹಳೆಯ ಕೂದಲು. ಈ ಎರಡೂ ಸೇರುವ ಗೆರೆಯೇ ಅತ್ಯಂತ ದುರ್ಬಲ ಜಾಗ. ತುಂಡಾಗುವ ಇನ್ನೊಂದು ಜಾಗ ತುದಿ. ತುದಿ ಸೀಳಿದರೆ ಆ ಸೀಳು ಮೇಲಕ್ಕೆ ಏರುತ್ತದೆ.

ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬುದು ತಪ್ಪು ನಂಬಿಕೆ. ಕತ್ತರಿಯ ಸುದ್ದಿ ಬುಡಕ್ಕೆ ತಲುಪುವುದಿಲ್ಲ. ಆದರೂ ನಾಲ್ಕು ತಿಂಗಳಿಗೊಮ್ಮೆ ಒಂದು ಸೆಂ. ಮೀ. ತುದಿ ತೆಗೆಸಿ ಎಂದು ನಾನು ಹೇಳುತ್ತೇನೆ. ವರ್ಷಕ್ಕೆ ಮೂರು ಸೆಂ. ಮೀ. ಹೋದರೂ ಹನ್ನೊಂದು ಉಳಿಯುತ್ತದೆ. ಮೂರು ವರ್ಷದಲ್ಲಿ ಒಂದಡಿಗಿಂತ ಹೆಚ್ಚಾಯಿತು. ಭುಜದ ಕೂದಲು ಸೊಂಟದತ್ತ ಬಂತು. ತುದಿ ತೆಗೆಸದೆ, ಮುರಿಯಲು ಬಿಟ್ಟವರ ಕೂದಲು ಮೂರು ವರ್ಷವಾದರೂ ಭುಜದಲ್ಲೇ ನಿಂತಿರುವುದನ್ನು ನಾನು ನೋಡಿದ್ದೇನೆ.

ದಿನನಿತ್ಯದ ಆರೈಕೆ

ಮೊದಲ ನಿಯಮ: ಉದ್ದ ಬೇಕೆನ್ನುವವರು ಇಡೀ ತಲೆಗೆ ಎರಡನೆಯ ಸಲ ನೇರ ಮಾಡಿಸಬೇಡಿ. ಒಮ್ಮೆ ರಾಸಾಯನಿಕ ಕಂಡ ಕೂದಲಿಗೆ ಮತ್ತೆ ಅದನ್ನೇ ಹಚ್ಚಿದರೆ ಮುರಿಯುವುದು ಖಂಡಿತ. ಮಾಡಿಸಲೇಬೇಕೆಂಬ ಹಟವಿದ್ದರೆ ಹೊಸದಾಗಿ ಬಂದ ಬುಡದ ಕೂದಲಿಗೆ ಮಾತ್ರ, ಅದೂ ಹಲವು ತಿಂಗಳ ಅಂತರದಲ್ಲಿ. ಅದೇ ದಿನ ಬಣ್ಣ ಹಾಕಿಸುವುದು, ತಲೆಯಲ್ಲಿ ಗಾಯ ಕಜ್ಜಿ ಇದ್ದಾಗ ಹೋಗುವುದು, ಬಸುರಿಯರು ಮತ್ತು ಚಿಕ್ಕ ಮಕ್ಕಳು ಮಾಡಿಸುವುದು ಬೇಡವೇ ಬೇಡ.

ಎಣ್ಣೆ: ಕೊಬ್ಬರಿ ಎಣ್ಣೆಗೆ ನಮ್ಮಜ್ಜಿಯರು ಕೊಟ್ಟ ಮರ್ಯಾದೆ ಸುಳ್ಳಲ್ಲ. 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯೇ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿತು. ಅಧ್ಯಯನ ಮಾಡಿದವರು ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ಕಾರಣ ಒಪ್ಪುವಂಥದು. ಈ ಎಣ್ಣೆ ಕೂದಲಿನ ಒಳಗೆ ಇಳಿದು, ಸ್ನಾನದ ನೀರು ಹೀರಿ ಕೂದಲು ಉಬ್ಬುವುದನ್ನು ತಡೆಯುತ್ತದೆ. ತಲೆಗೆ ಸ್ನಾನ ಮಾಡುವ ಒಂದೆರಡು ಗಂಟೆ ಮೊದಲು ಉದ್ದಕ್ಕೂ, ಮುಖ್ಯವಾಗಿ ತುದಿಗೆ ಸವರಿ. ಗಟ್ಟಿಯಾಗಿ ತಿಕ್ಕಬೇಡಿ. ಹರಳೆಣ್ಣೆ ಕೂದಲನ್ನು ಬೆಳೆಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅದರ ಜಿಡ್ಡು ಬಿಡಿಸಲು ಹೆಚ್ಚು ಶಾಂಪೂ ಬೇಕಾಗಿ, ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು.

ಸ್ನಾನ: ವಾರಕ್ಕೆ ಎರಡು ಸಲ ಸಾಕು. ತೀರ ಬಿಸಿ ನೀರು ಬೇಡ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ ಎಂದು ನೆನಪಿಡಿ. ಸೀಗೆಪುಡಿ ಅಭ್ಯಾಸವಿದ್ದವರು ಪುಡಿಯನ್ನೇ ತಿಕ್ಕದೆ, ಕುದಿಸಿ ಸೋಸಿದ ತಿಳಿಯನ್ನು ಬಳಸಿ. ತರಿ ತರಿ ಪುಡಿಯನ್ನು ತಿಕ್ಕಿದರೆ ಈಗಾಗಲೇ ಸೊರಗಿದ ಕೂದಲಿನ ಹೊರಪದರ ಕಿತ್ತು ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ಕೊನೆಯ ಒಂದು ಚೆಂಬಾದರೂ ಮಳೆನೀರು ಅಥವಾ ನಲ್ಲಿಯ ಸಿಹಿನೀರು ಸುರಿದುಕೊಂಡರೆ ಕೂದಲು ಮೆದುವಾಗಿರುತ್ತದೆ.

ಬಾಚುವುದು: ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ. ಟವೆಲ್ಲಿನಿಂದ ಬಡಿದು ಒರೆಸಬೇಡಿ, ಹಳೆಯ ಹತ್ತಿ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಹಲ್ಲು ಅಗಲವಾದ ಬಾಚಣಿಗೆ ಇರಲಿ. ತುದಿಯಿಂದ ಶುರುಮಾಡಿ, ಸಿಕ್ಕು ಬಿಡಿಸುತ್ತ ಮೇಲಕ್ಕೆ ಹೋಗಿ. ನೆತ್ತಿಯಿಂದ ಒಂದೇ ಎಳೆತಕ್ಕೆ ಕೆಳಗಿಳಿಸಿದರೆ ಎಲ್ಲ ಸಿಕ್ಕೂ ಆ ದುರ್ಬಲ ಗೆರೆಗೆ ಬಂದು ಕೂರುತ್ತದೆ. ಒದ್ದೆ ಕೂದಲಿನ ಮೇಲೆ ಕಾದ ಇಸ್ತ್ರಿಯನ್ನಂತೂ ಎಂದಿಗೂ ಇಡಬೇಡಿ.

ರಾತ್ರಿ: ಬಿಟ್ಟ ಕೂದಲಿನಲ್ಲಿ ಮಲಗದೆ ಸಡಿಲವಾಗಿ ಒಂದು ಜಡೆ ಹೆಣೆದುಕೊಳ್ಳಿ. ಹರಿದ ರೇಷ್ಮೆ ಸೀರೆಯ ತುಂಡೊಂದಿದ್ದರೆ ದಿಂಬಿಗೆ ಚೀಲ ಹೊಲಿಸಿ. ಅಮೆರಿಕದ ಕರಿಯ ತಾಯಂದಿರು ಮಕ್ಕಳ ತಲೆಗೆ ನುಣುಪಾದ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗಿಸುವುದು ಇದೇ ಕಾರಣಕ್ಕೆ. ಅವರಿಂದ ನಾವು ಕಲಿಯಬೇಕಾದದ್ದು ರಿಲ್ಯಾಕ್ಸರ್ ಅಲ್ಲ, ಈ ಆರೈಕೆ.

ಒಂದು ತಲೆ, ಎರಡು ಬಗೆಯ ಕೂದಲು

ಆರು ತಿಂಗಳು ಕಳೆದ ಮೇಲೆ ಕನ್ನಡಿ ನೋಡಿದರೆ ಬೇಸರವಾಗುತ್ತದೆ. ಮೇಲೆ ಗುಂಗುರು, ಕೆಳಗೆ ಜೋತು ಬಿದ್ದ ನೇರ ಕೂದಲು. ಹೆಚ್ಚಿನವರು ತಾಳ್ಮೆ ಕಳೆದುಕೊಂಡು ಮತ್ತೆ ಪಾರ್ಲರಿಗೆ ಓಡುವುದು ಈ ಹಂತದಲ್ಲೇ. ಈ ಕಷ್ಟಕಾಲ ದಾಟಲು ನಮ್ಮ ಹಳೆಯ ಜಡೆಗಿಂತ ಒಳ್ಳೆಯ ಉಪಾಯವಿಲ್ಲ. ಜಡೆಯಲ್ಲಿ ಎರಡು ಬಗೆಯ ಕೂದಲೂ ಒಂದೇ ಆಗಿ ಕಾಣುತ್ತವೆ. ತುದಿಗಳು ಬಟ್ಟೆಗೆ, ಚೀಲದ ಪಟ್ಟಿಗೆ ಉಜ್ಜುವುದಿಲ್ಲ. ಸಡಿಲವಾದ ತುರುಬು ಇನ್ನೂ ಒಳ್ಳೆಯದು. ಕೂದಲು ಬಿಟ್ಟುಕೊಳ್ಳಲೇಬೇಕಾದ ದಿನವಿದ್ದರೆ ಹಿಂದಿನ ರಾತ್ರಿ ಸ್ವಲ್ಪ ತೇವವಿರುವಾಗಲೇ ನಾಲ್ಕಾರು ಸಡಿಲ ಜಡೆ ಹಾಕಿ, ಬೆಳಿಗ್ಗೆ ಬಿಚ್ಚಿ. ಕೆಳಗಿನ ನೇರ ಕೂದಲಿಗೂ ಅಲೆ ಬಂದು ಮೇಲಿನದರೊಂದಿಗೆ ಹೊಂದಿಕೊಳ್ಳುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ, ಕಾವೂ ಬೇಡ.

ಒಂದು ಎಚ್ಚರಿಕೆ. ಜಡೆಯಾಗಲಿ ಜುಟ್ಟಾಗಲಿ ಹಣೆಯ ಚರ್ಮ ಹಿಂದಕ್ಕೆ ಎಳೆಯುವಷ್ಟು ಬಿಗಿ ಬೇಡ. ವರ್ಷಗಟ್ಟಲೆ ಬಿಗಿದರೆ ಕಪಾಲದ ಪಕ್ಕದ ಕೂದಲು ತೆಳುವಾಗುತ್ತ ಹೋಗಿ, ಕೊನೆಗೆ ಬೇರೇ ಸತ್ತು, ಮತ್ತೆ ಬಾರದಂತಾಗುತ್ತದೆ. ತೆಳು ರಬ್ಬರ್ ಬ್ಯಾಂಡನ್ನು ಬಿಸಾಡಿ, ಬಟ್ಟೆ ಸುತ್ತಿದ್ದನ್ನು ಬಳಸಿ. ಪ್ರತಿದಿನ ಒಂದೇ ಜಾಗದಲ್ಲಿ ಕಟ್ಟಬೇಡಿ, ಬೈತಲೆಯನ್ನೂ ಆಗಾಗ ಬದಲಿಸಿ.

ತಟ್ಟೆಯಲ್ಲೇನಿದೆ?

ಪೊಟ್ಟಣದಲ್ಲಿ ಬಿಳಿ ಗುಂಡಿನ ಕೂದಲೇ ಹೆಚ್ಚಾಗಿದ್ದರೆ ಮಾತು ಬೇರೆ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ರಕ್ತಹೀನತೆ, ಥೈರಾಯ್ಡ್ ತೊಂದರೆಗಳನ್ನು ಪರೀಕ್ಷಿಸಬೇಕು. ಹೆರಿಗೆ, ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರಗಳಾದ ಎರಡು ಮೂರು ತಿಂಗಳಿಗೆ ಕೂದಲು ರಾಶಿ ರಾಶಿ ಉದುರುವುದುಂಟು. ಸಾಮಾನ್ಯವಾಗಿ ಅದು ತಾನಾಗಿಯೇ ಸರಿಹೋಗುತ್ತದೆ. ಮದುವೆಗೆ ಮುನ್ನ ತೆಳ್ಳಗಾಗಲೆಂದು ಉಪವಾಸ ಬೀಳುವ ಹುಡುಗಿಯರ ಕೂದಲೂ ಹೀಗೆಯೇ ಉದುರುತ್ತದೆ. ಕಾಳು, ಸೊಪ್ಪು, ರಾಗಿ, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು, ಇವೇ ಕೂದಲಿನ ಟಾನಿಕ್. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ.

ಬಯೋಟಿನ್ ಮಾತ್ರೆಯನ್ನು ಈಗ ಎಲ್ಲರೂ ಕೇಳದೆಯೇ ನುಂಗುತ್ತಾರೆ. ಅದರ ಕೊರತೆ ಬಹಳ ಅಪರೂಪ. ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಗುರುತಿಸುವ ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಾಗಬಹುದೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿದೆ. ರಕ್ತ ಕೊಡುವ ಮೊದಲು ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸಿ.

ಕಣ್ಣು ಉರಿಸುವ ಹೊಗೆ

ಕೂದಲು ಮುರಿದರೆ ಮತ್ತೆ ಬಂದೀತು. ಅದಕ್ಕಿಂತ ಗಂಭೀರವಾದ ಮಾತೊಂದಿದೆ. ಸ್ಮೂದನಿಂಗ್, ಕೆರಾಟಿನ್ ಎಂಬ ಹೆಸರಿನಲ್ಲಿ ಮಾಡುವ ಕೆಲವು ಉಪಚಾರಗಳಲ್ಲಿ ಇಸ್ತ್ರಿಯ ಕಾವಿಗೆ ಫಾರ್ಮಾಲ್ಡಿಹೈಡ್ ಅನಿಲ ಹೊರಡುತ್ತದೆ. ಶವ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಇದರ ದ್ರಾವಣವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಚೀಟಿ ಅಂಟಿಸಿದ್ದ ಸೀಸೆಯಲ್ಲೂ ಅದು ಇತ್ತೆಂದು 2010ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಅಧಿಕಾರಿಗಳು ಪತ್ತೆ ಮಾಡಿದ್ದರು. ಅದರ ಬದಲಿಗೆ ಬಂದ ಗ್ಲೈಯಾಕ್ಸಿಲಿಕ್ ಆಮ್ಲವೂ ನಿರಪಾಯವಲ್ಲ. ಟ್ಯುನೀಷಿಯಾದ ಯುವತಿಯೊಬ್ಬಳಿಗೆ 2020, 2021 ಮತ್ತು 2022ರಲ್ಲಿ ಪ್ರತಿ ಸಲ ಕೂದಲು ನೇರ ಮಾಡಿಸಿದ ಬೆನ್ನಿಗೇ ಮೂತ್ರಪಿಂಡಕ್ಕೆ ಪೆಟ್ಟಾದದ್ದನ್ನು 2024ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು.

ಅಮೆರಿಕದಲ್ಲಿ 33,947 ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ ಎಪ್ಪತ್ತು ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ. 4.05. ಇದರಿಂದ ರಾಸಾಯನಿಕವೇ ಕಾರಣವೆಂದು ಸಾಬೀತಾಗುವುದಿಲ್ಲ. ಒಂದು ಸಲ ಮಾಡಿಸಿದವರು ಹೆದರಬೇಕಾಗಿಯೂ ಇಲ್ಲ. ಆದರೆ ಮತ್ತೆ ಮತ್ತೆ ಮಾಡಿಸುವ ಮೊದಲು ಯೋಚಿಸಲು ಇಷ್ಟು ಸಾಕು.

ವರ್ಷಕ್ಕೊಮ್ಮೆ ಹೋಗುವ ನಮಗೇ ಕಣ್ಣು ಉರಿಯುತ್ತದೆ. ಕಿಟಕಿಯಿಲ್ಲದ, ಏಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಹಲವು ತಲೆಗೆ ಇಸ್ತ್ರಿ ಎಳೆಯುವ ಹುಡುಗಿಯ ಗತಿಯೇನು? ಅವಳೂ ಯಾರದೋ ಮನೆಯ ಮಗಳು. ಅವಳ ಕೆಮ್ಮನ್ನು ಕೇಳುವವರಿಲ್ಲ. ಪಾರ್ಲರ್ ನಡೆಸುವವರು ಹೊಗೆ ಹೊರಹಾಕುವ ಫ್ಯಾನು, ಕೈಗವಸು ಕೊಡಲೇಬೇಕು. ಪರವಾನಗಿ ಕೊಡುವವರು ಇದನ್ನು ನೋಡಲೇಬೇಕು. ನಾವು ಗಿರಾಕಿಗಳು, “ಸೀಸೆ ತೋರಿಸಮ್ಮ, ಕಿಟಕಿ ತೆಗೆ” ಎಂದು ಕೇಳಲು ಕಲಿಯಬೇಕು.

ಕೊನೆಯ ಮಾತು

ಆ ಹುಡುಗಿಗೆ ಬರೆದುಕೊಟ್ಟದ್ದು ಇಷ್ಟೇ: ತುದಿ ಎರಡು ಬೆರಳು ತೆಗೆಸು, ಇಸ್ತ್ರಿ ನಿಲ್ಲಿಸು, ಸಡಿಲ ಜಡೆ ಹಾಕು, ಮೂರು ಹೊತ್ತು ಊಟ ಮಾಡು. “ಮೊಗ್ಗಿನ ಜಡೆ?” ಎಂದರು ತಾಯಿ. “ನಿಮ್ಮ ಅತ್ತೆಯವರ ಪೆಟ್ಟಿಗೆಯಲ್ಲಿ ಚೌರಿ ಇರಲಿಲ್ಲವೇನಮ್ಮ?” ಎಂದೆ. ಇಬ್ಬರೂ ನಕ್ಕರು. ಚೌರಿ ಸೇರಿಸಿ ಜಡೆ ಹೆಣೆಯುವುದನ್ನು ನಮ್ಮ ಹೆಂಗಸರು ಎಂದೂ ನಾಚಿಕೆಯೆಂದು ತಿಳಿದವರಲ್ಲ. ಭಾರದ ಜಡೆಬಿಲ್ಲೆಯನ್ನು ಮಾತ್ರ ಅಂದು ಬಿಟ್ಟುಬಿಡಿ, ಹೂವಿನ ಭಾರವೇ ಸಾಕು ಎಂದು ಹೇಳಿ ಕಳಿಸಿದೆ.

ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು: “ಚಿಕ್ಕಂದಿನಿಂದ ಎಲ್ಲರೂ ನನ್ನ ತಲೆ ನೋಡಿ ಗುಬ್ಬಿ ಗೂಡು ಅಂತಿದ್ದರು ಮೇಡಂ. ಅದಕ್ಕೇ ಮಾಡಿಸಿದ್ದು.” ತಾಯಿ ಆ ಕಡೆ ಮುಖ ತಿರುಗಿಸಿದರು. ಹಾಗೆ ಕರೆದವರಲ್ಲಿ ತಾವೂ ಒಬ್ಬರೆಂದು ಅವರಿಗೆ ನೆನಪಾಗಿರಬೇಕು.

ಓದುಗರಾದ ತಾಯಂದಿರಲ್ಲಿ, ಅತ್ತೆ ಚಿಕ್ಕಮ್ಮಂದಿರಲ್ಲಿ ನನ್ನದೊಂದು ಬಿನ್ನಹ. ಮನೆಯಲ್ಲಿ ಗುಂಗುರು ಕೂದಲಿನ ಮಗುವಿದ್ದರೆ ಭಾನುವಾರ ಎಣ್ಣೆ ಹಚ್ಚುವಾಗ ಅದರ ತಲೆಯನ್ನು ಹೊಗಳಿ. ಆ ಒಂದು ಮಾತು ಸಿಕ್ಕ ಮಗು ಮುಂದೆ ಪಾರ್ಲರಿಗೆ ಹೋದರೂ ಹೋಗಲಿ, ಮುಖ ಮುಚ್ಚಿಕೊಂಡು ಹೋಗಬೇಕಾಗುವುದಿಲ್ಲ.